ಉಣ್ಣೆ ಕೀಳುವ ಹೊತ್ತು

ನಾಯಿ ಸಾಕುವವರ ದಿನಚರಿಯಲ್ಲಿ ಯಾರೂ ಹೆಚ್ಚಾಗಿ ಹೇಳಿಕೊಳ್ಳದ, ಆದರೆ ಮನಸ್ಸಿಗೆ ಬಹಳ ಹಿತವಾದ ಕೆಲಸವೆಂದರೆ ಉಣ್ಣೆ ಕೀಳುವುದು. ಡೇರಿಗೆ ಹಾಲು ಹಾಕಿ ಬಂದ ಮೇಲೆ ನಾಯಿಯನ್ನು ಜಗುಲಿಯಲ್ಲಿ ಮಲಗಿಸಿಕೊಂಡು, ಕೂದಲನ್ನು ಹಿಂದುಮುಂದಾಗಿ ಸವರುತ್ತ, ಬೆರಳ ತುದಿಗೆ ತಾಗುವ ಗಂಟನ್ನು ಹುಡುಕುವ ಈ ಕೆಲಸಕ್ಕೆ ಕಣ್ಣಿಗಿಂತ ಕೈಯ ಎಚ್ಚರ ಹೆಚ್ಚು ಬೇಕು. ಉಣ್ಣೆಯು ಜೇಡನ ಬಳಗಕ್ಕೆ ಸೇರಿದ ಜೀವಿ. ಅದು ಚರ್ಮಕ್ಕೆ ಬಾಯಿ ನೆಟ್ಟು ದಿನಗಟ್ಟಲೆ ರಕ್ತ ಹೀರಿ, ಎಳ್ಳಿನಷ್ಟಿದ್ದುದು ಹರಳುಬೀಜದಂತೆ ಉಬ್ಬಿ, ಕಡೆಗೆ ತಾನೇ ಕಳಚಿಕೊಂಡು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಹರಳುಗಿಡದ ಲ್ಯಾಟಿನ್ ಹೆಸರಾದ ರಿಸಿನಸ್ ಎಂಬುದಕ್ಕೆ ಉಣ್ಣೆ ಎಂದೇ ಅರ್ಥವಿರುವುದನ್ನು ನೋಡಿದರೆ, ಈ ಹೋಲಿಕೆ ದೂರದೇಶದವರ ಕಣ್ಣಿಗೂ ಬಿದ್ದಿತ್ತೆಂದು ತಿಳಿಯುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಕೈಗೆಲಸಕ್ಕೆ ಬೇರೆಡೆ ಇಲ್ಲದ ಬೆಲೆಯಿದೆ. ಇದು ರೇಷ್ಮೆಯ ನಾಡು. ಮನೆಯೊಳಗೋ ಮನೆಗೆ ಹೊಂದಿಕೊಂಡೋ ಹುಳುಮನೆಯಿದ್ದು, ಹುಳುಗಳು ನಾಲ್ಕು ಜ್ವರ ಕಳೆದು, ಅಂದರೆ ನಾಲ್ಕು ಸಲ ಪೊರೆ ಬಿಟ್ಟು, ಹಣ್ಣಾಗಿ, ಗೂಡು ಕಟ್ಟುವ ಚಂದ್ರಿಕೆ ಏರುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದಿರುತ್ತಾರೆ. ಉಣ್ಣೆಗೆ ಸಿಂಪಡಿಸುವ ಔಷಧಗಳಲ್ಲಿ ಹಲವು ಪೈರೆಥ್ರಾಯ್ಡ್ ಎಂಬ ಕೀಟನಾಶಕದ ಬಗೆಯವು. ಅವುಗಳ ಅತ್ಯಲ್ಪ ಅಂಶವೂ ರೇಷ್ಮೆಹುಳುವಿಗೆ ವಿಷವಾದ್ದರಿಂದ, ನಾಯಿಗೆ ಹೊಡೆದ ಔಷಧ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೂ, ಅದನ್ನು ಮುಟ್ಟಿದ ಕೈ ಹುಳುವಿಗೆ ತಾಗಿದರೂ ಇಡೀ ಬೆಳೆ ಕೈಬಿಟ್ಟು ಹೋಗಬಹುದು. ಪಶುವೈದ್ಯರನ್ನು ಕೇಳಿ ನುಂಗಿಸುವ ಮಾತ್ರೆ ತರುವುದು ಒಂದು ದಾರಿ; ಇನ್ನೊಂದು, ಹುಳುವಿಗೆ ಯಾವ ಅಪಾಯವೂ ಇಲ್ಲದ ಹಳೆಯ ದಾರಿ, ಬೆರಳು ಮತ್ತು ಚಿಮುಟ.

ಉಣ್ಣೆ ಮರೆಯಾಗಿ ಕೂರುವ ಜಾಗಗಳು ಕಿವಿಯ ಒಳಮಡಿಕೆ, ಕಾಲ್ಬೆರಳ ಸಂದು, ಕಂಕುಳು, ಬಾಲದ ಬುಡ, ಕೊರಳಪಟ್ಟಿಯ ಅಡಿ. ಅದರ ಹೊಟ್ಟೆಯನ್ನು ಹಿಸುಕದೆ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ, ಒಂದೇ ಹದದಲ್ಲಿ ಎಳೆದರೆ ಬಾಯಿಯ ಸಮೇತ ಬರುತ್ತದೆ. ಕಿತ್ತದ್ದನ್ನು ಸೋಪಿನ ನೀರಿಗೆ ಹಾಕಬೇಕೇ ಹೊರತು ಉಗುರಿನಿಂದ ಹೊಸಕಬಾರದು. ಉಣ್ಣೆಯಿಂದ ಹರಡುವ ಜ್ವರವು ರಕ್ತಕಣಗಳನ್ನು ಹಾಳುಮಾಡುವುದರಿಂದ, ತುಟಿ ಸರಿಸಿ ಒಸಡನ್ನೂ ಒಮ್ಮೆ ನೋಡುವುದು ಒಳ್ಳೆಯ ರೂಢಿ. ಒಸಡು ಬಿಳಿಚಿದ್ದು, ನಾಯಿ ಮುದ್ದೆಯ ಕಡೆ ತಿರುಗಿಯೂ ನೋಡದಿದ್ದರೆ ಆ ದಿನವೇ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ರಾಗಿಮುದ್ದೆ ಮಜ್ಜಿಗೆಯಲ್ಲಿ ಬೆಳೆದ ನಾಯಿ ಗಟ್ಟಿಮುಟ್ಟಾಗಿರುವುದುಂಟಾದರೂ ಅದಕ್ಕೆ ಮೊಟ್ಟೆಯೋ ಮಾಂಸವೋ ಜೊತೆಗೆ ಬೇಕು. ಸಾರಿನ ಈರುಳ್ಳಿ ಮಾತ್ರ ಅದರ ರಕ್ತಕ್ಕೆ ಕೇಡು.

ಈ ಹೊತ್ತಿನ ನಿಜವಾದ ಸೊಗಸು ನಾಯಿಯ ಮೈಮಾತನ್ನು ಓದುವುದರಲ್ಲಿದೆ. ನೋಯುವ ಜಾಗಕ್ಕೆ ಕೈ ಹೋದಾಗ ನಿದ್ದೆ ಬಾರದೆಯೂ ಆಕಳಿಸುವುದು, ಎದುರಿಗೆ ತಿನಿಸಿಲ್ಲದಿದ್ದರೂ ಮೂಗು ನೆಕ್ಕುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಅಂಚು ತೋರುವುದು, ಇವೆಲ್ಲ ಸಾಕು ಎಂಬುದನ್ನು ನಾಯಿ ಹೇಳುವ ಬಗೆಗಳು. ಇವನ್ನು ಗಮನಿಸದೆ ಮುಂದುವರಿದಾಗಲೇ ಗುರುಗುಟ್ಟುವಿಕೆ ಬರುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆಯುವುದು ದೊಡ್ಡ ತಪ್ಪು, ಏಕೆಂದರೆ ಪೆಟ್ಟು ತಿಂದ ನಾಯಿ ಎಚ್ಚರಿಕೆ ಕೊಡುವುದನ್ನು ಮರೆತು ನೇರವಾಗಿ ಕಚ್ಚಲು ಕಲಿಯುತ್ತದೆ. ಬಾಲ ಆಡಿಸುವುದೆಲ್ಲ ಸಂತೋಷವೆಂಬುದೂ ಪೂರ್ತಿ ನಿಜವಲ್ಲ. ಸೊಂಟದೊಡನೆ ಸಡಿಲವಾಗಿ ಬೀಸುವ ಬಾಲ ಒಲವಿನದು, ಬಿಗಿಯಾಗಿ ಮೇಲೆದ್ದು ತುದಿ ಮಾತ್ರ ಅದುರುವ ಬಾಲ ಉದ್ವೇಗದ್ದು. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ನಂಬಿ ಮಕ್ಕಳನ್ನು ಅದರ ಹತ್ತಿರ ಬಿಡಬಾರದು. ಕಚ್ಚಿದ್ದೇ ಆದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು.

ಬಂಡೆಬೆಟ್ಟಗಳ ಮಗ್ಗುಲಿನ ಊರುಗಳಲ್ಲಿ ರಾತ್ರಿಯ ಬೊಗಳು ಬೇರೆಯೇ ವಿಷಯ. ಚಿರತೆಗೆ ನಾಯಿ ಸುಲಭದ ಬೇಟೆಯಾದ್ದರಿಂದ, ಅಬ್ಬರಿಸಿ ಬೊಗಳುತ್ತಿದ್ದ ನಾಯಿ ಥಟ್ಟನೆ ದನಿಯುಡುಗಿ ಬಾಗಿಲಿಗೆ ಒತ್ತಿಕೊಂಡರೆ ಅದರ ಅರ್ಥ ತಿಳಿದವರು ಅದನ್ನು ಒಳಗೆ ಸೇರಿಸಿಕೊಳ್ಳುತ್ತಾರೆ. ಅಂಗಳದ ಗೂಟಕ್ಕೆ ಕಟ್ಟಿಹಾಕಿ ಮಲಗುವುದು ಕಾವಲುಗಾರನ ಕಾಲು ಕಟ್ಟಿ ಯುದ್ಧಕ್ಕೆ ನಿಲ್ಲಿಸಿದಂತೆ.

ಈ ಸೀಮೆ ನಾಯಿಯ ಋಣವನ್ನು ಕಲ್ಲಿನಲ್ಲಿ ನೆನೆದಿದೆ. ಚನ್ನಪಟ್ಟಣ ತಾಲ್ಲೂಕಿನ ಅಗ್ರಹಾರ ವಳಗೆರೆಹಳ್ಳಿಯಲ್ಲಿ ಊರದೇವತೆ ಕೆಂಪಮ್ಮನ ಗುಡಿಯೊಂದಿಗೆ 2010ರಲ್ಲಿ ನಾಯಿಗಳಿಗೂ ಒಂದು ಗುಡಿಯಾಯಿತು. ಕಾಣೆಯಾದ ಎರಡು ನಾಯಿಗಳನ್ನು ದೇವಿ ಕೇಳಿದಳೆಂಬುದು ಅಲ್ಲಿನವರ ನಂಬಿಕೆ. ಪಕ್ಕದ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949–50ರದು. ಗಂಗರ ದೊರೆ ಬೂತುಗನು ಮೆಚ್ಚಿ ಏನು ಬೇಕೆಂದಾಗ ಅವನ ವೀರ ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಿ ಎರಡೂ ಸತ್ತಾಗ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಪೂಜಾರಿಗೆ, ಪಾಪ ತಟ್ಟುತ್ತದೆಂದು ಬರೆಸಿದರು. ನಾಯಿಗೆ ಸಲ್ಲಬೇಕಾದದ್ದು ಸಂದ ಮೇಲೆಯೇ ಮನುಷ್ಯನ ಊಟ ಎಂಬ ಆ ಕಟ್ಟಳೆ ಕಾಳಿ ಬದುಕಿದ್ದಾಗಲೂ ನಡೆದಿರಬೇಕು ಎಂದು ಊಹಿಸುವುದು ಹಿತವಾಗಿದೆ.

ಜಗುಲಿಯಲ್ಲಿ ಬೆಳಕು ಕುಂದಿ ಚಿಮುಟ ಕೆಳಗಿಟ್ಟರೂ ನಾಯಿ ಏಳುವುದಿಲ್ಲ. ಹೊಟ್ಟೆ ಮೇಲೆ ಮಾಡಿ, ನಿಂತ ಕೈಯ ಮಣಿಕಟ್ಟನ್ನು ಮುಂಗಾಲಿನಿಂದ ಎಳೆದು, ಇನ್ನೊಂದು ಕಿವಿ ಉಳಿದಿದೆಯೆಂದು ತಿಳಿಸುತ್ತದೆ.