ಅಜ್ಜಿಯ ಗೋಡೆ ಮೇಲಿನ ಮಹಾರಾಜರು

ನ್ಯಾಮತಿಯ ನಮ್ಮ ಮನೆಯ ಪಡಸಾಲೆಯಲ್ಲಿ ಜಯಚಾಮರಾಜೇಂದ್ರ ಒಡೆಯರ ಹಳೇ ಫೋಟೊ ಇದೆ. ಕಳೆದ ತಿಂಗಳು ಊರಿಗೆ ಹೋದಾಗ ಊಟದ ಹೊತ್ತಲ್ಲಿ ರಾಜಕೀಯದ ಮಾತು ಬಂತು. "ಅರಸರ ಕಾಲವೇ ಚೆನ್ನಾಗಿತ್ತು ಕಣೋ" ಅಂದರು ಅಜ್ಜಿ. "ಹೌದಜ್ಜಿ, ಒಬ್ಬ ಒಳ್ಳೇ ರಾಜ ಇದ್ದಿದ್ರೆ ಸಾಕಿತ್ತು" ಅಂದೆ ನಾನು. ಬೆಂಗಳೂರಲ್ಲಿ ಕೆಲಸ, ಮತದಾರರ ಪಟ್ಟಿಯಲ್ಲಿ ಹೆಸರು ಮಾತ್ರ ಊರಲ್ಲಿ. ಎರಡು ಚುನಾವಣೆಯಿಂದ ನಾನು ವೋಟೇ ಹಾಕಿಲ್ಲ.

ಮರುದಿನ ಜಗಳೂರಲ್ಲಿ ಗೆಳೆಯನ ಗೃಹಪ್ರವೇಶ. ಬೆಳಗ್ಗೆ ಬೇಗ ಬೈಕ್ ಹತ್ತಿದೆ. ಹೊನ್ನಾಳಿಯಲ್ಲಿ ತುಂಗಭದ್ರೆ ನೋಡುತ್ತಾ ಟೀ ಕುಡಿಯುವಾಗ ಅಜ್ಜಿಯ ಮಾತು ತಲೆಯಲ್ಲೇ ಇತ್ತು. ಶಾಲೆಯಲ್ಲಿ ಎರಡೇ ಸಾಲಲ್ಲಿ ಓದಿ ಮುಗಿಸಿದ ನಗರ ದಂಗೆ ನಡೆದದ್ದು ಇದೇ ಸೀಮೆಯಲ್ಲಿ. 1830ರಲ್ಲಿ ಕಂದಾಯದ ಕಾಟ ತಾಳಲಾರದೆ ಹೊನ್ನಾಳಿ, ಚನ್ನಗಿರಿ ಕಡೆಯ ರೈತರು ತಿರುಗಿಬಿದ್ದರು. ಆಗ ಮೈಸೂರಲ್ಲಿದ್ದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಸಾಹಿತ್ಯ, ಸಂಗೀತಕ್ಕೆ ಆಶ್ರಯ ಕೊಟ್ಟ ದೊರೆ. ಆದರೂ ಇಲ್ಲಿಯ ರೈತನಿಗೆ ಅಮಲ್ದಾರನನ್ನು ಬದಲಿಸುವ ದಾರಿ ಇರಲಿಲ್ಲ. ದಂಗೆಯನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ಅರಮನೆಗೆ ಅದು ಮರಳಿದ್ದು 50 ವರ್ಷದ ಮೇಲೆ!

ಚನ್ನಗಿರಿಯಲ್ಲಿ ಕೋಟೆ ಹತ್ತಿದೆ. ಕೆಳದಿಯ ರಾಣಿ ಚೆನ್ನಮ್ಮನಿಂದಲೇ ಊರಿಗೆ ಈ ಹೆಸರು ಅಂತಾರೆ. ಮೇಲೆ ರಂಗನಾಥನ ಗುಡಿ, ಒಳ್ಳೇ ಗಾಳಿ. ಅಲ್ಲೇ ಕೂತು ಫೋನಲ್ಲಿ ಮುಂದಿನ ಕಥೆ ಓದಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಶುರುಮಾಡಿದರು. ಮೊದಲ ಸಭೆಗೆ 144 ಸದಸ್ಯರು. ಅವರು ಕಷ್ಟ ಹೇಳಿಕೊಳ್ಳಬಹುದಿತ್ತು, ತೀರ್ಮಾನ ಮಾಡುವಂತಿರಲಿಲ್ಲ. ಅದಕ್ಕೆ 1947ರ 'ಮೈಸೂರು ಚಲೋ' ಚಳವಳಿಯೇ ಬೇಕಾಯ್ತು. ಆ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಸರ್ಕಾರ ಬಂತು. 1950ರಿಂದ ಮಹಾರಾಜರು ರಾಜಪ್ರಮುಖರು. ಸಹಿ ಅವರದು, ತೀರ್ಮಾನ ಮಂತ್ರಿಮಂಡಲದ್ದು. ಇಂಗ್ಲೆಂಡಿನ ರಾಜ ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಅಲ್ವಾ?

ದಾವಣಗೆರೆ ದಾಟಿ ಜಗಳೂರು ಮುಟ್ಟುವಾಗ ಮಧ್ಯಾಹ್ನ. ಒಂದು ಕಾಲಕ್ಕೆ ಇದು ಮೈಸೂರು ಸೀಮೆಯ ಅಂಚು. ಆಚೆಗಿನ ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹೊನ್ನಾಳಿಯ ಆಚೆಗಿನ ಧಾರವಾಡ ಜಿಲ್ಲೆ 1956ರವರೆಗೆ ಮುಂಬೈಗೆ. 1956ರ ನವೆಂಬರ್ 1ರಂದು ಗಡಿಗಳು ಅಳಿಸಿದವು, ರಾಜಪ್ರಮುಖ ಹುದ್ದೆಯೂ ಹೋಯಿತು. ಅದೇ ಮಹಾರಾಜರು ಹೊಸ ರಾಜ್ಯದ ರಾಜ್ಯಪಾಲರಾದರು. ಈ ಸಲ ವಂಶದ ಹಕ್ಕಿನಿಂದಲ್ಲ, ರಾಷ್ಟ್ರಪತಿಯ ನೇಮಕದಿಂದ.

ಹೋಳಿಗೆ ಊಟ ಮುಗಿಸಿ ಅಜ್ಜಿಗೆ ಫೋನ್ ಮಾಡಿದೆ. "ಅರಸರ ಕಾಲವೇ ಚೆಂದ ಅಂತೀರಿ, ಮತ್ತೆ ವೋಟು ಯಾಕೆ ಹಾಕ್ತೀರಿ?"

"ಹಾಕದೇ ಇರ್ತಾರೇನೋ? ಅರಸರು ಚೆನ್ನಾಗಿದ್ರು ಸರಿ. ನನ್ನ ಕೇಳಿ ಬಂದಿದ್ರಾ? ಈಗಿನವರು ಹೆಂಗೇ ಇರಲಿ, ಐದು ವರ್ಷಕ್ಕೊಮ್ಮೆ ಬಾಗಿಲಿಗೆ ಬರಲೇಬೇಕು."

ನಾನು ಏನೂ ಹೇಳಲಿಲ್ಲ. ಹೊನ್ನಾಳಿಯ ರೈತ ಪ್ರಾಣ ಪಣಕ್ಕಿಟ್ಟು ಕೇಳಿದ್ದನ್ನು ನಾನು ಬಸ್ ಟಿಕೆಟ್ ಸಿಗಲಿಲ್ಲ ಅಂತ ಎರಡು ಸಲ ಬಿಟ್ಟುಕೊಟ್ಟಿದ್ದೆ. ಮುಂದಿನ ಸಲ ಟಿಕೆಟ್ ಸಿಗದಿದ್ದರೆ ಬೈಕಂತೂ ಇದೆ.