ಲೆಕ್ಕ ಕೇಳೋದು ಅವಮಾನ ಅಲ್ಲ



ನಮ್ಮ ತಾಲೂಕು ವಕೀಲರ ಸಂಘಕ್ಕೆ ನಾನು ಅಧ್ಯಕ್ಷೆಯಾಗಿ ಮೊನ್ನೆಗೆ ಒಂದು ವರ್ಷ ತುಂಬಿತು. ಗೆದ್ದ ದಿನ ನಿಮ್ಮಲ್ಲಿ ಬಹಳ ಜನ 'ಮೊದಲ ದಲಿತ ಮಹಿಳಾ ಅಧ್ಯಕ್ಷೆ' ಅಂತ ಪೋಸ್ಟ್ ಹಾಕಿದ್ರಿ, ಸಂತೋಷ. ಈಗ ನೌಕರರ ಸಂಘಗಳಲ್ಲಿರೋ ನಮ್ಮ ಹುಡುಗರು ಫೋನ್ ಮಾಡಿ ಕೇಳ್ತಾರೆ, "ಅಕ್ಕ, ಸಂಘ ನಡೆಸೋದು ಎಲ್ಲಿ ಕಲಿತ್ರಿ?" ಲಾ ಕಾಲೇಜಿನಲ್ಲಿ ಇದನ್ನ ಯಾರೂ ಹೇಳಿಕೊಡಲ್ಲ. ನಾನು ಕಲಿತದ್ದು ಅವ್ವನ ಹತ್ರ. ಅವ್ವ ತೀರಿಕೊಂಡು ಆರು ವರ್ಷ ಆಯ್ತು.

ಅವ್ವ ಪುರಸಭೆಯಲ್ಲಿ ಗುತ್ತಿಗೆ ಪೌರಕಾರ್ಮಿಕೆ. ಮೊದಲೇ ಹೇಳಿಬಿಡ್ತೀನಿ, ಇದು ಪೊರಕೆಗೆ ಪೂಜೆ ಮಾಡೋ ಬರಹ ಅಲ್ಲ. ಸೆಪ್ಟೆಂಬರ್ 23ರಂದು ಶಾಲು ಹೊದಿಸಿ 'ನೀವೇ ಊರಿನ ತಾಯಂದಿರು' ಅನ್ನೋ ಭಾಷಣ ಅವ್ವಂಗೆ ಆಗಿಬರ್ತಿರಲಿಲ್ಲ. ಆ ಕೆಲಸ ಅವಳು ಆರಿಸಿಕೊಂಡಿದ್ದಲ್ಲ, ಜಾತಿ ಅವಳ ಕೈಗೆ ಕೊಟ್ಟಿದ್ದು. ನನ್ನ ಕೈಗೆ ಅದನ್ನ ಒಂದು ದಿನವೂ ಕೊಡಲಿಲ್ಲ. ಹಾಗಾಗಿ ನಾನು ಕಲಿತದ್ದು ಅವಳು ಬೀದಿ ಗುಡಿಸಿದ ರೀತಿಯಿಂದ ಅಲ್ಲ, ಕೂಲಿ ಕೇಳಿದ ರೀತಿಯಿಂದ.

ಅವ್ವಂಗೆ ಓದು ಬರಹ ಇರಲಿಲ್ಲ. ಬಟ್ಟೆ ಅಂಗಡಿಯವರು ಪುಕ್ಕಟೆ ಕೊಟ್ಟ ಕ್ಯಾಲೆಂಡರ್ ಒಂದು ಗೋಡೆ ಮೇಲಿತ್ತು. ಕೆಲಸಕ್ಕೆ ಹೋದ ದಿನ ಇದ್ದಿಲಲ್ಲಿ ಒಂದು ಗೆರೆ, ಹೋಗದ ದಿನ ಒಂದು ಸೊನ್ನೆ. ತಿಂಗಳ ಕೊನೆಗೆ ಮೇಸ್ತ್ರಿ "ನಾಲ್ಕು ದಿನ ಬಂದಿಲ್ಲ" ಅಂತ ಕೂಲಿ ಮುರಿದುಕೊಂಡರೆ, ಮೊಳೆಯಿಂದ ಕ್ಯಾಲೆಂಡರ್ ತೆಗೆದುಕೊಂಡು ಸೀದಾ ಹೋಗೋಳು. ಆ ಮೇಸ್ತ್ರಿ ನಮ್ಮ ಕೇರಿಯವನೇ, ವರಸೆಯಲ್ಲಿ ಅವ್ವಂಗೆ ಅಣ್ಣ. "ನಮ್ಮೋನ್ನ ಯಾಕೆ ಬೀದಿಗೆ ಎಳೀತೀಯ" ಅಂತ ಕೇರಿಯವರು ಅಂದ್ರೆ, "ನಮ್ಮೋನು ಅಂತ್ಲೇ ಕೇಳ್ತಾ ಇರೋದು. ಮುರ್ಕೊಂಡಿರೋದು ನಮ್ ಕೂಲಿನೇ ಅಲ್ವಾ?" ಅನ್ನೋಳು.

ಇನ್ನೊಂದು, ಅವಳು ಯಾವತ್ತೂ ಒಬ್ಬಳೇ ಹೋಗ್ತಿರಲಿಲ್ಲ. "ಒಬ್ಳೇ ಹೋದ್ರೆ ಬೇಡ್ದಂಗೆ ಆಯ್ತದೆ ಮಗಾ, ಹತ್ತು ಜನ ಹೋದ್ರೆ ಕೇಳ್ದಂಗೆ" ಅಂತಿದ್ಲು. ಗುತ್ತಿಗೆದಾರ ಎರಡು ತಿಂಗಳು ಕೂಲಿ ಕೊಡದಿದ್ದಾಗ ಎಲ್ಲರನ್ನೂ ಕರ್ಕೊಂಡು ಪುರಸಭೆ ಮುಖ್ಯಾಧಿಕಾರಿ ಬಾಗಿಲಲ್ಲಿ ಕೂತಳು. "ಗುತ್ತಿಗೆದಾರನ್ನ ಕೇಳ್ರಮ್ಮ, ನಮಗೇನು ಸಂಬಂಧ" ಅಂತ ಅವರು. "ಗುಡಿಸಿದ್ದು ನಿಮ್ ಊರೇ ಅಲ್ವಾ ಸ್ವಾಮಿ" ಅಂತ ಇವಳು. ಎಷ್ಟೋ ವರ್ಷ ಆದ್ಮೇಲೆ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ಓದುವಾಗ 21ನೇ ಕಲಂ ಹತ್ರ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಬಟವಾಡೆ ಮಾಡುವಾಗ ಮಾಲೀಕನ ಕಡೆಯವರೊಬ್ಬರು ಅಲ್ಲಿ ಹಾಜರಿರಬೇಕು ಅಂತಲೂ ಅದೇ ಕಲಂ ಹೇಳುತ್ತಿತ್ತು. ಕಾಯ್ದೆಯ ಹೆಸರೂ ಗೊತ್ತಿಲ್ಲದ ಅವ್ವ ಸರಿಯಾದ ಬಾಗಿಲಿಗೇ ಹೋಗಿದ್ದಳು.

ಈಗ ಸಂಘದ ವಿಷಯಕ್ಕೆ ಬರ್ತೀನಿ.

ನಾನು ಬಂದಾಗ ಹಿಂದಿನ ಎರಡು ವರ್ಷದ ಲೆಕ್ಕ ಸರ್ವಸದಸ್ಯರ ಸಭೆ ಮುಂದೆ ಬಂದಿರಲಿಲ್ಲ. ಖಜಾಂಚಿಯಾಗಿದ್ದವರು ನಮ್ಮವರು, ಹಿರಿಯರು. ಸನ್ನದು ಸಿಕ್ಕ ಹೊಸತರಲ್ಲಿ ನನಗೆ ದಾವೆ ಬರೆಯೋದು ಕಲಿಸಿದವರು. ಲೆಕ್ಕ ಕೇಳ್ತೀನಿ ಅಂದಾಗ ನಮ್ಮ ಚಳವಳಿಯ ಗೆಳೆಯರೇ ತಡೆದರು. "ನೀವೇ ಕೇಳಿದ್ರೆ ಅವರ ಕೈಗೆ ಕತ್ತಿ ಕೊಟ್ಟಂಗೆ ಮೇಡಂ. ಇಷ್ಟು ವರ್ಷ ಅವರು ಲೆಕ್ಕ ಕೊಟ್ಟಿದ್ರಾ?"

ಈ ಮಾತು ಸುಳ್ಳಲ್ಲ. ಬೇರೆಯವರು ಲೆಕ್ಕ ಕೊಡದಿದ್ದಾಗ ಅದು 'ಮರೆವು'. ನಮ್ಮವರು ಕೊಡದಿದ್ದಾಗ 'ಅವರೇ ಹಂಗೆ'. ಕೋರ್ಟ್ ಎದುರಿನ ಟೀ ಅಂಗಡಿಯಲ್ಲಿ ಆ ಮಾತು ಆಗಲೇ ಓಡಾಡ್ತಿತ್ತು. ಆದರೆ ನಾವು ಕೇಳದೆ ಬಿಟ್ಟರೆ ಆ ಗುಸುಗುಸು ನಿಲ್ಲುತ್ತಾ? ಇನ್ನೂ ಬೆಳೆಯುತ್ತೆ.

ಅದಕ್ಕೆ ಎರಡು ಕೆಲಸ ಮಾಡಿದೆ. ಒಂದು, ಎರಡು ವರ್ಷದ್ದಲ್ಲ, ಹತ್ತು ವರ್ಷದ ಲೆಕ್ಕ ಕೇಳಿದೆ. ಅಳತೆ ಎಲ್ಲರಿಗೂ ಒಂದೇ ಇರಬೇಕು. ಎರಡು, ಒಬ್ಬಳೇ ಕೇಳಲಿಲ್ಲ. ವಿಷಯವನ್ನ ಕಾರ್ಯಕಾರಿ ಸಮಿತಿಗೆ ತಂದು, ಠರಾವು ಮಾಡಿಸಿ, ಐದು ಜನರ ಉಪಸಮಿತಿ ಮಾಡಿದೆವು. ಅದರಲ್ಲಿ ಇಬ್ಬರು ಜೂನಿಯರ್‌ಗಳು. ನಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ. ಪ್ರತಿವರ್ಷ ಲೆಕ್ಕಪತ್ರ ರಿಜಿಸ್ಟ್ರಾರ್‌ಗೆ ಸಲ್ಲಿಸಲೇಬೇಕು. ಊರಿಗೆಲ್ಲ ಕಾನೂನು ಹೇಳೋ ನಾವು ನಮ್ಮ ಮನೆಯಲ್ಲೇ ಅದನ್ನ ಪಾಲಿಸದಿದ್ದರೆ ಹೇಗೆ?

ಮೂರು ತಿಂಗಳು ಹಿಡಿಯಿತು. ನಮ್ಮ ಹಿರಿಯರ ಎರಡು ವರ್ಷದ ಜಮಾ ಖರ್ಚು ತಾಳೆಯಾಯಿತು. ವೋಚರ್‌ಗಳು ಅವರ ಮನೆಯಲ್ಲೇ ಒಂದು ಕೈಚೀಲದಲ್ಲಿದ್ದವು. ಒಂದು ಸಣ್ಣ ಮೊತ್ತಕ್ಕೆ ಮಾತ್ರ ರಸೀದಿ ಇರಲಿಲ್ಲ, ಅದನ್ನ ಸಭೆಯಲ್ಲೇ ಎದ್ದು ನಿಂತು ಹೇಳಿ ಕೈಯಿಂದ ಕಟ್ಟಿದರು. ಅದಕ್ಕಿಂತ ಹಿಂದಿನ ಕೆಲವು ವರ್ಷದ್ದು ಲೆಕ್ಕ ಇರಲಿ, ನಡಾವಳಿ ಪುಸ್ತಕವೇ ಸಿಗಲಿಲ್ಲ. ಆ ಸಭೆ ಆದ್ಮೇಲೆ ಟೀ ಅಂಗಡಿ ಮಾತು ಬೇರೆ ವಿಷಯಕ್ಕೆ ಹೋಯ್ತು. ಹಿರಿಯರು ಹೊರಗೆ ಬಂದು ನನಗೆ ಹೇಳಿದ್ದಿಷ್ಟೇ: "ಎರಡು ವರ್ಷದಿಂದ ಆ ಬೆಂಚಿನ ಮೇಲೆ ಕೂತು ಟೀ ಕುಡಿಯೋಕೆ ಆಗಿರಲಿಲ್ಲಮ್ಮ. ಕೇಳಿದ್ದು ಒಳ್ಳೇದಾಯ್ತು."

ಈಗ ಪ್ರತಿ ತಿಂಗಳ ಜಮಾ ಖರ್ಚನ್ನ ನೋಟಿಸ್ ಬೋರ್ಡಿಗೆ ಅಂಟಿಸ್ತೀವಿ. ಮಹಿಳಾ ವಕೀಲರಿಗೆ ಶೌಚಾಲಯ ಬೇಕು ಅಂತ ಕೇಳೋಕೆ ಅಧ್ಯಕ್ಷೆ ಅಂತ ನಾನೊಬ್ಬಳೇ ಪತ್ರ ಬರೀಲಿಲ್ಲ, ಅಷ್ಟೂ ಜನ ಹೆಣ್ಣುಮಕ್ಕಳು ಸಹಿ ಹಾಕಿ ಒಟ್ಟಿಗೆ ಹೋದೆವು. ಕೆಲಸ ಆಯ್ತು. ಜೂನಿಯರ್‌ಗಳ ಭತ್ಯೆ ವಿಚಾರ ಇನ್ನೂ ನಡೀತಾ ಇದೆ. ಅವರಿಗೂ ಅದನ್ನೇ ಹೇಳಿದ್ದೀನಿ, ಒಬ್ಬೊಬ್ಬರೇ ನನ್ನ ಚೇಂಬರಿಗೆ ಬಂದು ಅಳಬೇಡಿ, ಹತ್ತು ಜನ ಸೇರಿ ಸಭೆಗೆ ಬನ್ನಿ ಅಂತ.

ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ನಿಮಗೆಲ್ಲ ಗೊತ್ತು: ರಾಜಕೀಯದಲ್ಲಿ ಭಕ್ತಿ ಅನ್ನೋದು ಅಧಃಪತನದ ದಾರಿ, ಕೊನೆಗೆ ಸರ್ವಾಧಿಕಾರದ ದಾರಿ. ಇದು ದೆಹಲಿಗೆ ಮಾತ್ರ ಹೇಳಿದ ಮಾತು ಅಂತ ನಾವು ಅಂದ್ಕೊಂಡಿದ್ದೀವಿ. ನಮ್ಮ ಸಂಘ, ನಮ್ಮ ಸಮಿತಿ, ನಮ್ಮ ಕೇರಿಗೂ ಅನ್ವಯಿಸುತ್ತೆ. ಏಪ್ರಿಲ್ 14ಕ್ಕೆ ಎತ್ತಿದ ಚಂದಾ ಲೆಕ್ಕ ಕೇಳಿದ ಹುಡುಗನನ್ನ 'ಚಳವಳಿ ಒಡೆಯೋನು' ಅಂತ ಹೊರಗೆ ಹಾಕಿದ್ದನ್ನ ನಾನೇ ನೋಡಿದ್ದೀನಿ. ಆ ಹುಡುಗ ಒಡೆಯೋನಲ್ಲ. ಅಂಥವರು ಇದ್ದರೇನೇ ಸಂಘ ಉಳಿಯೋದು.

ಮುಂದಿನ ತಿಂಗಳು ನಮ್ಮ ಸರ್ವಸದಸ್ಯರ ಸಭೆ. ಈ ಸಲ ಮೇಜಿನ ಮೇಲೆ ಇರೋದು ನನ್ನ ವರ್ಷದ ಲೆಕ್ಕ. ಚುನಾವಣೆಯಲ್ಲಿ ನನ್ನೆದುರು ನಿಂತಿದ್ದವರಿಗೆ ಹದಿನೈದು ದಿನ ಮುಂಚೆಯೇ ಪ್ರತಿ ಕಳಿಸಿದ್ದೀನಿ. ಅವರು ಗಟ್ಟಿಯಾಗಿ ಕೇಳಲಿ. ನಮ್ಮವರು ಅವರಿಗಿಂತ ಗಟ್ಟಿಯಾಗಿ ಕೇಳಲಿ.

ಜೈಭೀಮ್.