ಡೊರೊಥಿ

'ಟರ್ನಿಪ್ ಟೌನ್‌ಶೆಂಡ್' ಎಂದೊಡನೆ ತರಗತಿಯ ಮಕ್ಕಳು ನಗುತ್ತಾರೆ. ನಾನೂ ನಗುತ್ತಿದ್ದೆ.

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಆ ಜಮೀನುದಾರ ಒಂದನೆಯ ಜಾರ್ಜ್ ದೊರೆಯ ಮಂತ್ರಿ. 1713ರಲ್ಲಿ ಅವನ ಕೈಹಿಡಿದವಳು ರಾಬರ್ಟ್ ವಾಲ್ಪೋಲನ ತಂಗಿ ಡೊರೊಥಿ. 1717ರಲ್ಲಿ ದೊರೆ ಟೌನ್‌ಶೆಂಡನನ್ನು ಅಧಿಕಾರದಿಂದ ಇಳಿಸಿದಾಗ ವಾಲ್ಪೋಲ್ ತಾನೂ ರಾಜೀನಾಮೆಯಿತ್ತ. ತಂಗಿಯ ಗಂಡನೆಂದರೆ ಅಷ್ಟು ಅಕ್ಕರೆ!

1726ರಲ್ಲಿ ಡೊರೊಥಿ ತೀರಿಕೊಂಡಳು. ಆಮೇಲೆ ವಿದೇಶ ವ್ಯವಹಾರದಲ್ಲಿ ಅವರಿಬ್ಬರಿಗೂ ಮನಸ್ತಾಪ ಬೆಳೆಯಿತು; ವಾಲ್ಪೋಲನ ಕೈಯೇ ಮೇಲಾಯಿತು. 1730ರಲ್ಲಿ ಟೌನ್‌ಶೆಂಡ್ ಪದವಿ ಬಿಟ್ಟು ಊರು ಸೇರಿದ. ಚಳಿಗಾಲದಲ್ಲಿ ದನಕುರಿಗಳಿಗೆ ಮೇವಾಗುವ ಟರ್ನಿಪ್ ಗಡ್ಡೆಯ ಬೇಸಾಯಕ್ಕೆ ಹೆಸರಾದ. 1738ರಲ್ಲಿ ಅಲ್ಲಿಯೇ ಕಣ್ಮುಚ್ಚಿದ.

ಜಗಳಕ್ಕೆ ರಾಜಕೀಯವೇ ಕಾರಣವಿದ್ದೀತು. ಆದರೂ ಅಣ್ಣನನ್ನೂ ಗಂಡನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದವಳ ಹೆಸರು ನನ್ನ ಪಾಠದಲ್ಲಿ ಎಂದೂ ಬಂದಿರಲಿಲ್ಲ. ಈಗ ಗಡ್ಡೆಗಿಂತ ಮೊದಲು ಅವಳ ಹೆಸರು ಹೇಳುತ್ತೇನೆ.